ಕೊನೆಯ ಫಾರಂ

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಸೂಗಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ಅವನ ಹೆಂಡತಿ ಅಂಬಮ್ಮ ಓದಿದಷ್ಟು ಕತೆಗಳನ್ನು ಇಡೀ ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬರು ಓದಿರಲಿಕ್ಕಿಲ್ಲ. ಆದರೆ ಆ ಕತೆಗಳಿಗೆ ತಲೆ ಇದ್ದರೆ ಬಾಲ ಇರುತ್ತಿರಲಿಲ್ಲ, ಬಾಲ ಇದ್ದರೆ ತಲೆ ಇರುತ್ತಿರಲಿಲ್ಲ. ಪುಡಿಕೆ ಕಟ್ಟಲು ಅಂಗಡಿಗೆ ಬರುತ್ತಿದ್ದ ರದ್ದಿಯೇ ಅವಳ ಪುಸ್ತಕ ಭಂಡಾರ. ಜೀರಿಗೆ ಸುರಿಯುವ ಮೊದಲು ಹಾಳೆಯ ಈ ಮಗ್ಗುಲು, ಮಡಚುವ ಮೊದಲು ಆ ಮಗ್ಗುಲು ಕಣ್ಣಾಡಿಸಿಬಿಡುತ್ತಿದ್ದಳು. ಒಂದು ಹಾಳೆಯಲ್ಲಿ ಯಾವಳೋ ಒಬ್ಬಳು ವಿಷದ ಬಟ್ಟಲನ್ನು ತುಟಿಗೆ ಹಿಡಿದಿರುತ್ತಿದ್ದಳು. ಕೆಳಗಿನ ಹಾಳೆ ತೆಗೆದರೆ ಸೇವಂತಿಗೆ ಗಿಡಕ್ಕೆ ಗೊಬ್ಬರ ಹಾಕುವ ಬಗೆ. ಆ ಹೆಣ್ಣು ಕುಡಿದಳೋ ಬಿಟ್ಟಳೋ ಎಂಬ ಚಿಂತೆಯಲ್ಲಿ ಅಂಬಮ್ಮ ಎರಡು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಕಾಲದ ಬರಹ ಇದೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಪಂಡಿತರು ಬರುತ್ತಾರೆ, ಊರಿನವರೂ ಹೆಮ್ಮೆಯಿಂದ ದಾರಿ ತೋರಿಸುತ್ತಾರೆ. ಅದೇ ಊರಿನಲ್ಲಿ ಹೆಂಗಸೊಬ್ಬಳು ತಕ್ಕಡಿಯ ಹಿಂದೆ ಹಾಳೆ ಹಿಡಿದು ಕೂತರೆ ನಗುವವರೇ ಹೆಚ್ಚು. ನಗದೆ ಇದ್ದವನು ಒಬ್ಬನೇ, ಸಿಂಧನೂರು–ಲಿಂಗಸುಗೂರು ಬಸ್ಸಿನ ಕಂಡಕ್ಟರ್ ದಾದೇಸಾಬ. ಚಹಪುಡಿಗೆಂದು ಬಂದವನು, ಅಂಬಮ್ಮ ಹಾಳೆಯೊಂದನ್ನು ಪುಡಿಕೆಗೆ ಕೊಡದೆ ಸೆರಗಿನಡಿ ಇಟ್ಟುಕೊಂಡಿದ್ದನ್ನು ನೋಡಿದ. ಮರುದಿನ ಬಂದು, ಪುಸ್ತಕ ಓದುವ ಇಬ್ಬರು ತನ್ನ ಗುರುತಿನವರಿದ್ದಾರೆ, ನಡುವೆ ಮಸ್ಕಿಯಲ್ಲಿ ಒಬ್ಬರು ಸೇರಿಕೊಂಡರೆ ಹೇಗೆ ಎಂದ.

ಆ ಇಬ್ಬರಲ್ಲಿ ಒಬ್ಬರು ಸಿಂಧನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಶರಣಪ್ಪ. ಇನ್ನೊಬ್ಬರು ಲಿಂಗಸುಗೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಕರಿಬಸಯ್ಯ. ಇವರದೊಂದು ವಿಚಿತ್ರ ಪದ್ಧತಿ. ಶಿವಶರಣಪ್ಪ ಕಾದಂಬರಿ ಕೊಂಡು ತಂದವರೇ ಅದನ್ನು ಬೈಂಡರ್ ಇಮಾಮ್‌ಸಾಬ್‌ಗೆ ಕೊಟ್ಟು ಹೊಲಿಗೆ ಬಿಚ್ಚಿಸಿಬಿಡುತ್ತಿದ್ದರು. ಪುಸ್ತಕ ಹದಿನಾರು ಹದಿನಾರು ಪುಟದ ಕಟ್ಟುಗಳಾಗಿ ಬಿಡಿಬಿಡಿಯಾಗುತ್ತಿತ್ತು. ಆ ಒಂದೊಂದು ಕಟ್ಟಿಗೆ ಪ್ರೆಸ್ಸಿನವರ ಮಾತಿನಲ್ಲಿ ಫಾರಂ ಎನ್ನುತ್ತಾರೆ. ಒಂದು ಫಾರಂ ಓದಿ ಮುಗಿಸಿದ ಕೂಡಲೇ ಶಿವಶರಣಪ್ಪ ಅದನ್ನು ಬಸ್ಸಿಗೆ ಹಾಕಿ ಮುಂದಿನದನ್ನು ಕೈಗೆ ತೆಗೆದುಕೊಳ್ಳುವರು. ಹೀಗಾಗಿ ಒಂದೇ ಪುಸ್ತಕವನ್ನು ಎರಡು ಊರಿನವರು ಏಕಕಾಲಕ್ಕೆ ಓದುತ್ತಿದ್ದರು. ಒಬ್ಬರು ನಾಲ್ಕು ಹೆಜ್ಜೆ ಮುಂದೆ, ಒಬ್ಬರು ನಾಲ್ಕು ಹೆಜ್ಜೆ ಹಿಂದೆ. ಪ್ರತಿ ಫಾರಂ ಜೊತೆ ಒಂದು ಚೀಟಿ ಇರಬೇಕು, ಓದಿದವರಿಗೆ ಏನನ್ನಿಸಿತು ಎಂದು ಬರೆದಿರಬೇಕು. ಮುಂದೆ ಏನಾಗುತ್ತದೆ ಎಂಬುದನ್ನು ಮಾತ್ರ ಸತ್ತರೂ ಹೇಳಕೂಡದು. ಎಲ್ಲರೂ ಓದಿದ ಮೇಲೆ ಫಾರಂಗಳು ಸಿಂಧನೂರಿಗೆ ಮರಳಿ, ಇಮಾಮ್‌ಸಾಬ್ ಕೈಯಲ್ಲಿ ಮತ್ತೆ ಪುಸ್ತಕವಾಗುತ್ತಿದ್ದವು. ಇವರಿಗೆ ತಲೆ ಕೆಟ್ಟಿದೆ ಎಂದು ಇಮಾಮ್‌ಸಾಬ್ ಮೊದಮೊದಲು ಬೈಯುತ್ತಿದ್ದ, ಆಮೇಲೆ ರೂಢಿಯಾಯಿತು.

ಮಸ್ಕಿಯಲ್ಲಿ ಓದುವ ಹೆಂಗಸೊಬ್ಬಳಿದ್ದಾಳೆ ಎಂದು ದಾದೇಸಾಬ ಹೇಳಿದಾಗ ಕರಿಬಸಯ್ಯ ಖುಷಿಪಟ್ಟರು. ಶಿವಶರಣಪ್ಪ ನಕ್ಕರು. ಕಿರಾಣಿ ಅಂಗಡಿಗೆ ಪುಸ್ತಕ ಕಳಿಸಿದರೆ ಅದು ಖಾರದ ಪುಡಿಕೆಯಾಗಿ ವಾಪಸ್ಸು ಬರುತ್ತದೆ ಎಂದರು. ತಮಾಷೆಗೆ ಅಂದ ಮಾತೇ, ಆದರೆ ದಾದೇಸಾಬ ಮಾತು ಮುಚ್ಚಿಡುವ ಪೈಕಿ ಅಲ್ಲ, ಹಾಗೇ ತಂದು ಅಂಬಮ್ಮನ ಮುಂದೆ ಇಟ್ಟ. ಅವಳ ಮುಖ ಬಿಸಿಯಾಯಿತು. ತಕ್ಕಡಿಯ ಪಕ್ಕದ ಪೆನ್ಸಿಲು ತೆಗೆದುಕೊಂಡು ಚೀಟಿ ಬರೆದಳು: "ನನ್ನ ಕೈಯಲ್ಲಿ ಒಂದೇ ಒಂದು ಹಾಳೆ ಕಡಿಮೆಯಾದರೂ ಆ ದಿನದಿಂದ ನನಗೆ ಪುಸ್ತಕ ಕಳಿಸಬೇಡಿರಿ." ಇದು ೧೯೮೪ರ ಮಾತು.

ಮೊದಲ ಪುಸ್ತಕದಲ್ಲೇ ಅವಳಿಗೆ ಪೆಟ್ಟು ಬಿತ್ತು. ನಡುವೆ ಒಂದು ಕಡೆ ಅಜ್ಜನೊಬ್ಬ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ; ಮುಂದಿನ ಫಾರಂ ತೆರೆದರೆ ಅವನ ತಿಥಿಗೆ ಹೋಳಿಗೆ ಬೇಯುತ್ತಿತ್ತು. ಯಾವಾಗ ಸತ್ತ, ಹೇಗೆ ಸತ್ತ ಎಂದು ಮೂರು ಸಲ ಓದಿದರೂ ತಿಳಿಯಲಿಲ್ಲ. ಪುಟದ ಸಂಖ್ಯೆ ನೋಡುವ ರೂಢಿ ರದ್ದಿ ಓದುವವರಿಗೆ ಎಲ್ಲಿಯದು? ಹತ್ತು ವರ್ಷ ಚೂರುಪಾರು ಓದಿ ತನ್ನ ತಲೆಯೇ ಚೂರಾಗಿದೆ, ಇಡೀ ಪುಸ್ತಕ ಹಿಡಿಯುವ ತಾಕತ್ತು ಅದಕ್ಕಿಲ್ಲ ಎಂದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತಳು. ಚೀಟಿಯಲ್ಲಿ ಮಾತ್ರ "ಚೆನ್ನಾಗಿದೆ" ಎಂದು ಬರೆದಳು. ಮುಂದಿನ ಪುಸ್ತಕಗಳಲ್ಲಿ ಅಂಥ ತೊಡಕು ಬರಲಿಲ್ಲ.

ನಾಲ್ಕು ವರ್ಷದಲ್ಲಿ ಹನ್ನೊಂದು ಪುಸ್ತಕ ಓದಿದಳು, ಹನ್ನೊಂದೂ ಮೊದಲಿನಿಂದ ಕೊನೆಯವರೆಗೆ. ಕತೆಯೊಂದು ಮುಗಿದಾಗ ಎದೆಯಲ್ಲಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಆ ಇಬ್ಬರು ಗಂಡಸರ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಶಿವಶರಣಪ್ಪನವರ ದಪ್ಪಕ್ಷರ, ಗಡಿಯಾರದ ಹಲ್ಲುಗಳನ್ನು ನೋಡಿ ನೋಡಿ ಸಣ್ಣಗಾಗಿದ್ದ ಕರಿಬಸಯ್ಯನವರ ಅಕ್ಷರ, ಇಷ್ಟೇ ಪರಿಚಯ. ಆದರೂ ಈ ಲೋಕದಲ್ಲಿ "ನಿಮಗೇನನ್ನಿಸಿತು?" ಎಂದು ಅವಳನ್ನು ಕೇಳುವವರು ಅವರಿಬ್ಬರೇ. ಮನೆಯಲ್ಲಿ ಗಂಡ ಒಳ್ಳೆಯವನೇ, ಅತ್ತೆ ಪಾರ್ವತೆಮ್ಮ ಬಾಯಿ ಜೋರಿನವಳಾದರೂ ಕೆಟ್ಟವಳಲ್ಲ. ಆದರೆ ಅವರು ಕೇಳುತ್ತಿದ್ದದ್ದು ಬೆಲ್ಲ ಬಂತೇ, ಬೇಳೆ ಬೆಂದಿತೇ ಎಂದು. ದಾದೇಸಾಬನ ಬಸ್ಸು ನಿಂತಾಗಲೆಲ್ಲ ಅವನು ಕಿಟಕಿಯಿಂದ "ಎಲ್ಲಿಗೆ ಬಂತು ಅಕ್ಕಾ?" ಎಂದು ಕೂಗುತ್ತಿದ್ದ. ಕತೆ ಎಲ್ಲಿಗೆ ಬಂತು ಎಂದು ಅದರ ಅರ್ಥ. ಅವನಿಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಬಾರದು. ಲಿಂಗಸುಗೂರಿನಲ್ಲಿ ಬಸ್ಸು ತಂಗಿದಾಗ ಕರಿಬಸಯ್ಯನವರ ಬಾಯಿಂದ ಕೇಳುತ್ತಿದ್ದ. ಹೀಗಾಗಿ ಮೂವರೂ ಓದಿ ಮುಗಿಸಿದ ಮೇಲೆಯೇ ಅವನಿಗೆ ಕತೆ ಮುಗಿಯುತ್ತಿತ್ತು.

೧೯೮೮ರ ಬೇಸಿಗೆ ಕಳೆದು ಬಂದ ಕಾದಂಬರಿಗೆ ಹದಿನೇಳು ಫಾರಂ. ಅದರಲ್ಲಿ ಹುಲಿಗೆವ್ವ ಎಂಬ ಹೆಂಗಸು ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಾಳೆ. ಗಂಡ ಕಾಲುವೆ ಕೆಲಸಕ್ಕೆಂದು ಹೋದವನು ಹನ್ನೆರಡು ವರ್ಷವಾದರೂ ತಿರುಗಿ ಬಂದಿಲ್ಲ. ಹೊಳೆಗೆ ಸೇತುವೆ ಆಗುತ್ತಿದೆ. ಅದು ಮುಗಿದ ದಿನ ಅವಳ ಹರಿಗೋಲಿಗೂ ಕೆಲಸವಿಲ್ಲ, ಅವಳು ಕಾಯಲು ಒಂದು ದಂಡೆಯೂ ಇಲ್ಲ. ಹದಿನಾರು ಫಾರಂ ಓದಿದ ಅಂಬಮ್ಮ ಊಟ ನಿದ್ದೆ ಎಲ್ಲ ಅರೆಬರೆ ಮಾಡಿಕೊಂಡು ಹದಿನೇಳನೆಯದಕ್ಕೆ ಕಾಯುತ್ತಿದ್ದಳು.

ಅದು ಬಂದದ್ದು ಸಂತೆಯ ದಿನ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ. ಯಾವಾಗಲೂ ಬಂದ ಫಾರಂ ಮೊದಲು ಗೋಡೆಯಲ್ಲಿದ್ದ ದೇವರ ಮಾಡಕ್ಕೆ ಹೋಗುತ್ತಿತ್ತು. ಅವತ್ತು ಒಂದೇ ಸಾಲು ನೋಡಿಬಿಡುತ್ತೇನೆ ಎಂಬ ಆಸೆಗೆ ಅಂಬಮ್ಮ ಅದನ್ನು ತಕ್ಕಡಿಯ ಹಿಂದೆ ಇಟ್ಟುಕೊಂಡಳು. ಸಾಲು ನೋಡುವ ಮೊದಲೇ ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಎದ್ದು ಓಡಿದಳು. ಅಲ್ಲಿ ಒಲೆ ಒರೆಸಿ, ಸಂತೆಗೆ ಬಂದ ನೆಂಟರಿಗೆ ರೊಟ್ಟಿ ಬಡಿದು ಹೊರಗೆ ಬರುವಷ್ಟರಲ್ಲಿ ಒಂದು ತಾಸು ಆಗಿತ್ತು. ಅಷ್ಟರಲ್ಲಿ ಗಲ್ಲೆಯ ಮೇಲೆ ಕೂತ ಪಾರ್ವತೆಮ್ಮನಿಗೆ ರದ್ದಿ ತೀರಿತ್ತು. ಕೈಗೆ ಸಿಕ್ಕದ್ದು ರಟ್ಟಿಲ್ಲದ, ಹೊಲಿಗೆಯಿಲ್ಲದ ಮಡಿಕೆ ಹಾಳೆಗಳು. ಆ ಮುದುಕಿಯ ಕಣ್ಣಿಗೆ ಅದು ರದ್ದಿಯಲ್ಲದೆ ಇನ್ನೇನು? ಮಡಿಕೆಗೆ ಸರಿಯಾಗಿ ಹರಿದರೆ ಎಂಟು ಹಾಳೆ, ಎಂಟು ಪುಡಿಕೆ. ಎಂಟೂ ಹೋಗಿದ್ದವು.

ಅಂಬಮ್ಮ ತಕ್ಕಡಿಯ ಹಿಂದೆಲ್ಲ ತಡಕಿದಳು. ಅತ್ತೆಯ ಮೇಲೆ ಕೂಗಾಡಲೂ ಬಾರದು, ತಪ್ಪು ತನ್ನದೇ. ನೆಲಕ್ಕೆ ಕೂತು, ಶಿವಶರಣಪ್ಪನವರು ನಕ್ಕು ಆಡಿದ ಮಾತು, ತಾನು ಬರೆದುಕೊಟ್ಟ ಮಾತು ಎರಡನ್ನೂ ಹೇಳಿದಳು. ಪಾರ್ವತೆಮ್ಮ ಅವಳಿಂದ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಆ ಹಾಳೆಗಳು ಮಂದಿಯ ಸಾಮಾನು, ಓದಿ ತಿರುಗಿ ಕೊಡಬೇಕಾದದ್ದು ಎಂಬುದಷ್ಟೇ ಅವಳ ತಲೆಗೆ ಹೊಕ್ಕಿತು, ಅಷ್ಟೇ ಸಾಕಾಗಿತ್ತು.

"ಏಳವಾ. ಮಂದಿ ಸಾಮಾನು ನಮ್ಮನ್ಯಾಗ ಕಳೀಬಾರದು. ಯಾರ‍್ಯಾರು ಏನೇನು ಒಯ್ದಾರ ನನಗ ಬರೋಬರಿ ನೆನಪೈತಿ."

ಅಕ್ಷರ ಬಾರದವಳಿಗೆ ನೆನಪೇ ಪುಸ್ತಕ. ಅರಿಶಿಣ ಯಾರ ಮನೆಗೆ, ಸಾಸಿವೆ ಯಾವ ಓಣಿಗೆ, ಚಹಪುಡಿ ಯಾವ ಹೋಟೆಲಿಗೆ ಹೋಯಿತೆಂದು ಪಾರ್ವತೆಮ್ಮ ಬೆರಳು ಮಡಚಿ ಹೇಳಿದಳು. ಗಲ್ಲೆಯನ್ನು ಸೂಗಪ್ಪನಿಗೆ ಬಿಟ್ಟು ಅತ್ತೆ ಸೊಸೆ ಸಂತೆಯ ಬಿಸಿಲಿನಲ್ಲಿ ಹೊರಟರು. ಕನಕಮ್ಮನ ಮನೆಯಲ್ಲಿ ಹಾಳೆ ಅರಿಶಿಣ ಬಳಿದುಕೊಂಡು ಒಳ್ಳೆ ಮದುಮಗಳಾಗಿತ್ತು. ಆದಮ್ಮನ ಮನೆಯಲ್ಲಿ ಒಲೆಯ ಬಾಯಿಗೆ ಹೋಗಿ, ಒಂದು ಮೂಲೆ ಮಾತ್ರ ಸುಟ್ಟು ಬದುಕಿತ್ತು. ಇನ್ನೊಂದು ಕಡೆ ಬೆಲ್ಲಕ್ಕೆ ಅಂಟಿ ಇರುವೆ ಮುತ್ತಿದ್ದವು. ಹೋದಲ್ಲೆಲ್ಲ ಪುಡಿಕೆ ಬಿಚ್ಚಿ ಕೊಡುವ ಮೊದಲು ಹೆಂಗಸರು ಕೇಳುತ್ತಿದ್ದರು, ಇದರಲ್ಲಿ ಅಂಥಾದ್ದು ಏನಿದೆ ಎಂದು. ಮೊದಲ ಮನೆಯಲ್ಲಿ ಅಂಬಮ್ಮ ನಾಚುತ್ತ ಹುಲಿಗೆವ್ವನ ಕತೆ ಹೇಳಿದಳು. ಮೂರನೆಯ ಮನೆಯ ಹೊತ್ತಿಗೆ ಪಾರ್ವತೆಮ್ಮ ನಡುನಡುವೆ ಬಾಯಿ ಹಾಕತೊಡಗಿದಳು. ಐದನೆಯ ಮನೆಯಲ್ಲಿ ಕತೆಯನ್ನು ಪೂರ್ತಿ ಅವಳೇ ಹೇಳಿದಳು, ಅಷ್ಟಲ್ಲದೆ ಕಾದಂಬರಿ ಬರೆದವರು ಕೊಡದ ಎರಡು ಮಕ್ಕಳನ್ನೂ ಹುಲಿಗೆವ್ವನಿಗೆ ಕೊಟ್ಟಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಏಳು ಹಾಳೆ ಸಿಕ್ಕವು. ಎಂಟನೆಯದನ್ನು ಒಯ್ದವಳು ಊರಿನವಳಲ್ಲ. ಹಣೆಯ ಮೇಲೆ ಹಚ್ಚೆ ಇದ್ದ ಕೂಲಿ ಹೆಂಗಸು, ಮಗಳ ಬಾಣಂತನಕ್ಕೆಂದು ಓಂಕಾಳು ಕಟ್ಟಿಸಿಕೊಂಡು ಸಿಂಧನೂರು ಕಡೆಯ ಬಸ್ಸು ಹತ್ತಿದಳು ಎಂಬುದಷ್ಟೇ ಪಾರ್ವತೆಮ್ಮನಿಗೆ ನೆನಪು. ಅಂಬಮ್ಮ ಏಳನ್ನೂ ಒರೆಸಿ, ಜೋಡಿಸಿ, ಎದೆ ಗಟ್ಟಿ ಮಾಡಿಕೊಂಡು ಓದಿದಳು. ಸೇತುವೆ ಮುಗಿದಿದೆ. ಸಂಜೆ ಹುಲಿಗೆವ್ವ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದ್ದಾಳೆ. ಆಗ ಆಚೆ ದಂಡೆಯಿಂದ ಗಂಡಸಿನ ದನಿಯೊಂದು ಕೂಗುತ್ತದೆ. ಹುಲಿಗೆವ್ವ ಎದ್ದು ನಿಲ್ಲುತ್ತಾಳೆ. ಏಳನೆಯ ಹಾಳೆ ಅಲ್ಲಿಗೆ ಮುಗಿದಿತ್ತು. ಕಳೆದದ್ದು ಕೊನೆಯ ಹಾಳೆಯೇ.

ಸೂಗಪ್ಪ ಪಾಪ, ಹೆಂಡತಿಯ ಮುಖ ನೋಡಲಾರದೆ ಒಂದು ಉಪಾಯ ಹೇಳಿದ. ಸಿಂಧನೂರಿನಿಂದ ಬರುವಾಗಲೇ ಆ ಹಾಳೆ ಇರಲಿಲ್ಲ ಎಂದರಾಯಿತು, ನೋಡಿದವರು ಯಾರು? ಅಂಬಮ್ಮ ತಲೆಯಾಡಿಸಿದಳು. ಅವಳಿಗೆ ಅದಕ್ಕಿಂತ ದೊಡ್ಡ ಆಸೆಯೊಂದು ಹುಟ್ಟಿತ್ತು. ಕೊನೆಯ ಹಾಳೆ ತೀರಾ ಕೊಳೆಯಾಗಿತ್ತು, ಕೈಯಿಂದ ನಕಲು ಮಾಡಿದ್ದೇನೆ ಎಂದು ತಾನೇ ಬರೆದು ಕಳಿಸಿದರೆ? ಒಂದು ಮಧ್ಯಾಹ್ನವಿಡೀ ಕೂತು ಬರೆದಳು. ಕೂಗಿದವನು ಗಂಡನೇ. ಹುಲಿಗೆವ್ವ ಹೋಗಿ ಕರೆತಂದಳು, ಬಿಸಿ ರೊಟ್ಟಿ ಬಡಿದು ಹಾಕಿದಳು. ಓದಿಕೊಂಡಾಗ ಅವಳಿಗೇ ಕಣ್ಣು ತುಂಬಿ ಬಂತು. ಆದರೆ ರದ್ದಿಯ ಕತೆಗಳಿಗೆಲ್ಲ ಹೀಗೆ ಮನಸ್ಸಿನಲ್ಲೇ ಬಾಲ ಹಚ್ಚಿ ಹಚ್ಚಿ ಹತ್ತು ವರ್ಷ ಕಳೆದವಳು ಅವಳು. ತಾನು ಹಚ್ಚಿದ ಕೊನೆ ಯಾವುದು, ಕತೆಗೇ ಇರುವ ಕೊನೆ ಯಾವುದು ಎಂಬ ಭೇದ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಕರಿಬಸಯ್ಯನವರಿಗೆ ತನ್ನ ಕೊನೆಯನ್ನು ದಾಟಿಸುವುದು ಮೋಸ. ಬರೆದದ್ದನ್ನು ಒಲೆಗೆ ಹಾಕಿ, ಏಳು ಹಾಳೆಗಳ ಮೇಲೆ ಬೇರೆ ಚೀಟಿ ಇಟ್ಟಳು: "ಎಂಟನೆಯ ಹಾಳೆ ನನ್ನ ಅಂಗಡಿಯಲ್ಲಿ ಪುಡಿಕೆಯಾಗಿ ಹೋಯಿತು. ನಾನು ಕೊಟ್ಟ ಮಾತು ನಿಮಗೆ ನೆನಪಿರಬಹುದು. ಇನ್ನು ಮುಂದೆ ನನಗೆ ಕಳಿಸಬೇಡಿರಿ. ಇಷ್ಟು ದಿನ ಕಳಿಸಿದ್ದಕ್ಕೆ ಶರಣು."

ಕಟ್ಟು ಕೈಗಿಡುವಾಗ ದಾದೇಸಾಬನಿಗೆ ಎಲ್ಲ ಹೇಳಿದಳು. ಅವನು ಓಂಕಾಳು ಒಯ್ದವಳ ಚಹರೆಯನ್ನು ಪಾರ್ವತೆಮ್ಮನಿಂದ ಎರಡೆರಡು ಸಲ ಕೇಳಿಕೊಂಡು ಬಸ್ಸು ಹತ್ತಿದ.

ಎರಡು ಸಂತೆ ಕಳೆದವು. ಲಿಂಗಸುಗೂರಿನಿಂದ ಚೀಟಿ ಬರಲಿಲ್ಲ, ಸಿಂಧನೂರಿನಿಂದ ಹೊಸ ಪುಸ್ತಕ ಬರಲಿಲ್ಲ. ಚೀಟಿ ಓದಿದ ಕರಿಬಸಯ್ಯ ಅದನ್ನು ಮಡಚಿ ಗಡಿಯಾರದ ಪೆಟ್ಟಿಗೆಯೊಳಗೆ ಇಟ್ಟರು ಎಂದು ದಾದೇಸಾಬ ಹೇಳಿದ. ಅವನೂ ಈಗ ಕಿಟಕಿಯಿಂದ "ಎಲ್ಲಿಗೆ ಬಂತು" ಎಂದು ಕೂಗುತ್ತಿರಲಿಲ್ಲ, ಕೈ ಎತ್ತಿ ಹೋಗಿಬಿಡುತ್ತಿದ್ದ. ತಾನೇ ಬೇಡವೆಂದು ಬರೆದದ್ದು ನಿಜ. ಆದರೂ ಯಾರಾದರೂ ಒಬ್ಬರು ಹಾಗನ್ನಬೇಡಿ ಎನ್ನಬಹುದಿತ್ತು ಎಂದು ಅಂಬಮ್ಮನ ಒಳಗು ಕುದಿಯುತ್ತಿತ್ತು. ಮತ್ತೆ ರದ್ದಿಗೆ ಕೈ ಹಾಕಿದಳು. ಓದಲಾಗಲಿಲ್ಲ. ಒಮ್ಮೆ ಕೊನೆ ಕಂಡವರಿಗೆ ಚೂರು ಹಾಳೆ ರುಚಿಸುವುದಿಲ್ಲ.

ಮೂರನೆಯ ಸಂತೆಯ ದಿನ ಬೆಳಿಗ್ಗೆ ಬಸ್ಸು ನಿಂತದ್ದೇ ದಾದೇಸಾಬ ಸೀಟಿ ಊದುತ್ತ ಇಳಿದ. ಹಿಂದೆ ಹಣೆಯ ಮೇಲೆ ಹಚ್ಚೆ ಇದ್ದ ಹೆಂಗಸು. ಸಾಲಗುಂದದ ಗ್ಯಾನಮ್ಮ. ಹದಿನೈದು ದಿನದಿಂದ ದಾದೇಸಾಬ ಬಸ್ಸು ಹತ್ತಿದ ಪ್ರತಿ ಹೆಂಗಸಿಗೂ ಟಿಕೇಟಿನ ಜೊತೆ ಒಂದೇ ಪ್ರಶ್ನೆ ಕೇಳುತ್ತಿದ್ದನಂತೆ, ಮಸ್ಕಿ ಸಂತೆಯಲ್ಲಿ ಓಂಕಾಳು ಒಯ್ದವರು ಯಾರಾದರೂ ಗೊತ್ತೇ ಎಂದು. ಜನ ಅವನಿಗೆ ಹುಚ್ಚು ಹಿಡಿದಿದೆ ಅಂದುಕೊಂಡರು. ಮಾತು ಬಾಯಿಂದ ಬಾಯಿಗೆ ಹೋಗಿ ಸಾಲಗುಂದ ಮುಟ್ಟಿತು. ಗ್ಯಾನಮ್ಮ ಸೊಂಟದ ಚೀಲದಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದಳು.

"ಅಕ್ಷರ ಇದ್ದ ಹಾಳಿ ತುಳೀಬಾರದಂತ ತೊಟ್ಲಾಗ ಕೂಸಿನ ದಿಂಬಿನ ಕೆಳಗ ಇಟ್ಟಿದ್ನೆವ್ವಾ," ಎಂದಳು. "ಆ ಹರಿಗೋಲಕ್ಕನ ಕತಿ ಬಸ್ಸಿನ್ಯಾಗ ಈ ಅಣ್ಣ ಹೇಳಿದ. ಕೂಗಿದಾಂವ ಯಾರು?"

ಅಂಬಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಾಳೆ ಇಸಿದುಕೊಂಡಳು. ಪಾರ್ವತೆಮ್ಮ, ಕನಕಮ್ಮ, ಸಂತೆಗೆ ಬಂದ ಇನ್ನೂ ನಾಲ್ಕು ಜನ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತರು. ಮಡಿಕೆ ಬಿಚ್ಚಿದರೆ ಮುಗಿಯಿತು, ಎರಡೇ ಪುಟ. ಅಂಬಮ್ಮ ಮಡಿಕೆ ಬಿಚ್ಚಲಿಲ್ಲ. ಹಾಗೇ ಇನ್ನೊಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ದಾದೇಸಾಬನ ಕೈಗಿಟ್ಟಳು.

"ಓದಲ್ಲೇನವಾ? ಇಷ್ಟು ತಿರುಗಾಡಿದ್ದು ಯದಕ್ಕ?" ಪಾರ್ವತೆಮ್ಮನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ನಂದು ಮುಗದೈತಿ ಅತ್ತಿ. ಮಾತು ಕೊಟ್ಟೀನಿ. ಹಾಳಿ ಅವರದು, ಅವರಿಗೆ ಮುಟ್ಟಬೇಕು."

ಬಸ್ಸು ಲಿಂಗಸುಗೂರಿನ ಕಡೆ ಹೊರಟಿತು. ಅಂಬಮ್ಮ ಅವತ್ತು ಯಾರಿಗೆ ಏನು ತೂಗಿಕೊಟ್ಟಳೋ ಅವಳಿಗೇ ಗೊತ್ತಿಲ್ಲ. ಸಕ್ಕರೆ ಕೇಳಿದವರಿಗೆ ರವೆ ಕಟ್ಟಿದ್ದನ್ನು ಸೂಗಪ್ಪ ಎರಡು ಸಲ ತಿದ್ದಿದ.

ಸಂಜೆ ಐದರ ಸುಮಾರಿಗೆ ಅದೇ ಬಸ್ಸು ತಿರುಗಿ ಬಂತು. ಗ್ಯಾನಮ್ಮ ಊರಿಗೆ ಹೋಗಲು ಚೀಲ ಹೊತ್ತು ನಿಂತಿದ್ದಳು. ದಾದೇಸಾಬ ಇಳಿದು ಬಂದು, ಅಂಬಮ್ಮ ಬೆಳಿಗ್ಗೆ ಕೊಟ್ಟ ಕಟ್ಟನ್ನೇ ಅವಳ ಮುಂದೆ ಇಟ್ಟ. ಅವಳು ಹಾಕಿದ್ದ ಗಂಟು ಹಾಗೇ ಇತ್ತು. ಮೇಲೆ ಎರಡು ಚೀಟಿ. ಸಣ್ಣಕ್ಷರದ್ದನ್ನು ಮೊದಲು ತೆಗೆದಳು.

"ಅಂಬಮ್ಮನವರಿಗೆ ಶರಣು. ಹಾಳೆ ತಲುಪಿತು. ನಾನು ಬಿಚ್ಚಿಲ್ಲ. ನಮ್ಮ ಪುಸ್ತಕ ಬರುವ ದಾರಿ ಸಿಂಧನೂರು, ಮಸ್ಕಿ, ಆಮೇಲೆ ಲಿಂಗಸುಗೂರು. ಮಸ್ಕಿ ತಪ್ಪಿಸಿ ಬಂದ ಪುಸ್ತಕ ನನಗೆ ಬೇಡ. ಸರದಿ ನಿಮ್ಮದು. ನೀವು ಓದಿ ಕಳಿಸುವ ತನಕ ನಾನು ಓದುವುದಿಲ್ಲ. ನನಗೆ ಅರವತ್ತೆರಡು ವರ್ಷ, ಬಹಳ ಕಾಯಿಸಬೇಡಿರಿ. ಇದರ ಜೊತೆಗಿರುವುದು ಶಿವಶರಣಪ್ಪನವರ ಚೀಟಿ. ನಿಮಗೆ ನೇರವಾಗಿ ಕಳಿಸಲು ಅವರಿಗೆ ಮುಖವಿಲ್ಲವಂತೆ."

ಎರಡನೆಯದರಲ್ಲಿ ದಪ್ಪಕ್ಷರ ಅವತ್ತು ಸ್ವಲ್ಪ ಸೊಟ್ಟಗಿತ್ತು. "ಅಕ್ಕನವರೇ, ಕಿರಾಣಿ ಅಂಗಡಿಯ ಮಾತು ಆಡಿ ನಕ್ಕವನು ನಾನು. ನಿಮಗೆ ಕಳಿಸಿದ ಮೊದಲ ಪುಸ್ತಕದಲ್ಲಿ ಆರನೆಯ ಫಾರಂ ಇರಲಿಲ್ಲ. ನನ್ನ ಗೋದಾಮಿನಲ್ಲಿ ಇಲಿ ತಿಂದಿತ್ತು. ಕರಿಬಸಯ್ಯನವರು ತಿಳಿದೂ ಕೇಳಲಿಲ್ಲ, ನೀವು ಚೆನ್ನಾಗಿದೆ ಎಂದು ಬರೆದಿರಿ, ನಾನು ಬಾಯಿ ಮುಚ್ಚಿಕೊಂಡು ಉಳಿದೆ. ನಿಮ್ಮ ಚೀಟಿಯ ಸುದ್ದಿ ಕರಿಬಸಯ್ಯನವರು ತಿಳಿಸಿದ ಮೇಲೆ ಹೇಳದೆ ಇರಲು ಆಗಲಿಲ್ಲ. ಒಂದು ಹಾಳೆಗೆ ನೀವು ಹೊರಗೆ ಹೋಗುವುದಾದರೆ ಎಂಟು ಹಾಳೆ ತಿನ್ನಿಸಿದ ನಾನು ಎಲ್ಲಿಗೆ ಹೋಗಲಿ?"

ಅಂಬಮ್ಮ ಆ ಚೀಟಿಯನ್ನು ಎರಡು ಸಲ ಓದಿದಳು. ಎಲೆ ಅಡಿಕೆ ಹಾಕುತ್ತಿದ್ದ ಅಜ್ಜ, ಅವನ ತಿಥಿಯ ಹೋಳಿಗೆ ಕಣ್ಣಿಗೆ ಕಟ್ಟಿದವು. ತಲೆ ಚೂರಾಗಿರಲಿಲ್ಲ. ನಾಲ್ಕು ವರ್ಷ ತನ್ನನ್ನು ತಾನು ದಡ್ಡಿ ಎಂದುಕೊಂಡದ್ದು ಸಿಂಧನೂರಿನ ಒಂದು ಇಲಿಯ ದೆಸೆಯಿಂದ. ಅವಳಿಗೆ ನಗು ಬಂತು, ನಗುವಾಗಲೇ ಕಣ್ಣೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಗಂಟು ಬಿಚ್ಚಿದಳು.

"ಜೋರಾಗಿ ಓದು ಅಕ್ಕಾ," ಎಂದ ದಾದೇಸಾಬ. "ಈಯಮ್ಮ ಊರಿಗೆ ಹೋಗಾಕಿ ಅದಾಳ. ನೀ ಓದೋತನಕ ನಾ ಸೀಟಿ ಊದಂಗಿಲ್ಲ."

ಅಂಬಮ್ಮ ಬಸ್ಸಿನ ಬಾಗಿಲ ಬಳಿ ಬಂದು ನಿಂತಳು. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದೇ ಇಲ್ಲ. ಡ್ರೈವರು ಇಂಜಿನ್ ಬಂದ್ ಮಾಡಿದ. ಓಂಕಾಳಿನ ವಾಸನೆ ಹೊಡೆಯುತ್ತಿದ್ದ ಆ ಹಾಳೆಯನ್ನು ಅವಳು ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ಓದಿದಳು. ಹುಲಿಗೆವ್ವ ಆಚೆ ದಂಡೆಯತ್ತ ನೋಡುತ್ತಾಳೆ. ಮಬ್ಬಿನಲ್ಲಿ ಮುಖ ಕಾಣುವುದಿಲ್ಲ. ಯಾರು ಎಂದು ಕೂಗಿ ಕೇಳಬೇಕೆಂದುಕೊಂಡವಳು ಕೇಳುವುದಿಲ್ಲ. ಹನ್ನೆರಡು ವರ್ಷದಲ್ಲಿ ಕೂಗಿದವರು ಯಾರೆಂದು ಕೇಳಿ ಅವಳು ಹರಿಗೋಲು ಬಿಟ್ಟದ್ದಿಲ್ಲ. ಬೋರಲು ಹಾಕಿದ್ದನ್ನು ಎತ್ತಿ ನೀರಿಗೆ ತಳ್ಳುತ್ತಾಳೆ, ಹುಟ್ಟು ಹಾಕುತ್ತಾಳೆ. ಸೇತುವೆಯ ಮೇಲೆ ಮೊದಲ ಗಾಡಿಯೊಂದು ದೀಪ ಹಚ್ಚಿಕೊಂಡು ಹೋಗುತ್ತದೆ. ಹರಿಗೋಲು ನಡುಹೊಳೆಯಲ್ಲಿದೆ. ಅಲ್ಲಿಗೆ ಕತೆ ಮುಗಿದಿತ್ತು.

ಮೊದಲು ಸಿಟ್ಟಿಗೆದ್ದವಳು ಪಾರ್ವತೆಮ್ಮ. ಊರೆಲ್ಲ ಅಲೆದು ಹುಡುಕಿದ ಹಾಳೆಯಲ್ಲಿ ಅವನು ಯಾರೆಂದು ಬರೆದಿಲ್ಲವಲ್ಲ ಎಂದಳು. ಗಂಡನೇ ಇರಬೇಕು ಎಂದರು ಮುಂದಿನ ಸೀಟಿನವರು. ಗಂಡನಾಗಿದ್ದರೆ ಸೇತುವೆ ಮೇಲೆ ನಡೆದು ಬರಬಹುದಿತ್ತು ಎಂದು ಹಿಂದಿನಿಂದ ಯಾರೋ ವಾದ ತೆಗೆದರು. ಸೇತುವೆ ಆದದ್ದು ತಿಳಿಯದೆ ಹರಿಗೋಲು ಕೂಗುವವನು ಹನ್ನೆರಡು ವರ್ಷ ದೂರ ಇದ್ದವನೇ ಅಲ್ಲವೇ ಎಂದ ದಾದೇಸಾಬ, ಆ ಮಾತಿಗೆ ಬಸ್ಸು ಎರಡು ಪಾಲಾಯಿತು. ಗ್ಯಾನಮ್ಮ ಮಾತ್ರ ಚೀಲ ಹಿಡಿದು ಮೆಟ್ಟಿಲ ಮೇಲೇ ನಿಂತಿದ್ದಳು.

"ಯಾರಾದ್ರ ಏನು," ಎಂದಳು ಅಂಬಮ್ಮನಿಗೆ. "ಕೂಗಿದ್ರು, ಹೋದ್ಲು."

ಬಸ್ಸು ಹೋದ ಮೇಲೆ ಅಂಬಮ್ಮ ಚೀಟಿ ಬರೆಯಲು ಕೂತಳು. ಯಾವಾಗಲೂ ಎರಡು ಮಗ್ಗುಲು ತುಂಬಿಸುತ್ತಿದ್ದವಳಿಗೆ ಅವತ್ತು ಒಂದೇ ಸಾಲು ಸಾಕಾಯಿತು: "ಮಸ್ಕಿಯಲ್ಲಿ ಓದಿ ಆಯಿತು, ಈಗ ನಿಮ್ಮ ಸರದಿ." ಬೆಳಗಿನ ಬಸ್ಸಿಗೆ ಹೋಗಬೇಕಾದ ಆ ಹಾಳೆಯನ್ನು ಪಾರ್ವತೆಮ್ಮ ತಾನೇ ಕೈಯಿಂದ ಇಸಿದುಕೊಂಡು ದೇವರ ಮಾಡದಲ್ಲಿಟ್ಟಳು. ಆಮೇಲೆ ಒಳಗಿನಿಂದ ಹೊಸ ರದ್ದಿಯ ಕಟ್ಟು ಹೊತ್ತು ತಂದು ಸೊಸೆಯ ಮುಂದೆ ಇಳಿಸಿದಳು.

"ಇದನ್ನ ಮೊದಲು ನೀ ನೋಡಿ ಕೊಡು," ಎಂದಳು. "ಇದ್ರಾಗೂ ಯಾರರ ನಡುಹೊಳ್ಯಾಗ ನಿಂತಿದ್ರ?"